‘ದ್ಯಾನ್’ ಮುಂದೆ ಅಲ್ಪವಿರಾಮ ಹಾಕಬೇಕೇ?

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಹತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ತನ್ನ ಊರಿನ ಬಗ್ಗೆ ಬರೆದ ಪ್ರಬಂಧದಲ್ಲಿ ‘ದಿ ಪ್ಯಾಡಿ ಆಫ್ ಅವರ್ ವಿಲೇಜ್ ಈಸ್ ಬೆಟರ್, ದ್ಯಾನ್ ದಿ ನೆಕ್ಸ್ಟ್ ವಿಲೇಜ್’ ಎಂಬ ವಾಕ್ಯವಿತ್ತು. ಆ ಅಲ್ಪವಿರಾಮಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಅರ್ಧ ಅಂಕ ಕಳೆದೆ. ನಮ್ಮ ಶಾಲೆಯ ಹಿರಿಯ ಶಿಕ್ಷಕರು ಇದನ್ನು ಒಪ್ಪಲಿಲ್ಲ. ‘ದ್ಯಾನ್’ ಬಂದ ಕಡೆ ಹೊಸ ಉಪವಾಕ್ಯ ಆರಂಭವಾಗುತ್ತದೆ, ಓದುವಾಗ ಅಲ್ಲಿ ಉಸಿರು ನಿಲ್ಲುತ್ತದೆ, ಆದ್ದರಿಂದ ಅಲ್ಪವಿರಾಮ ಇರಲೇಬೇಕು ಎಂದರು. ‘ದಿ ಮೋರ್ ಯು ರೀಡ್, ದಿ ಮೋರ್ ಯು ಲರ್ನ್’ ಎಂದು ಬರೆಸುವಾಗ ನೀವೇ ಅಲ್ಪವಿರಾಮ ಹಾಕಿಸುತ್ತೀರಲ್ಲ ಎಂದೂ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ನಿಯಮ ಯಾವುದು? ಮಕ್ಕಳಿಗೆ ಏನೆಂದು ಹೇಳಲಿ? ಅಂಕ ಕಳೆದದ್ದು ನ್ಯಾಯವೇ? ಹಾಗೆಯೇ ‘ಟಾಲರ್ ದ್ಯಾನ್ ಐ’, ‘ಟಾಲರ್ ದ್ಯಾನ್ ಮಿ’ ಇವೆರಡರಲ್ಲಿ ಯಾವುದು ಸರಿ ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ: ಆ ವಾಕ್ಯದಲ್ಲಿ ಅಲ್ಪವಿರಾಮ ಇರಬಾರದಿತ್ತು ಎನ್ನುವಲ್ಲಿ ನೀವು ಸರಿಯಾಗಿದ್ದೀರಿ. ಆದರೂ ನಿಮ್ಮ ಹಿರಿಯ ಸಹೋದ್ಯೋಗಿಯ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಅವರು ಎತ್ತಿ ತೋರಿಸಿದ ಎರಡನೆಯ ವಾಕ್ಯದಲ್ಲಿ ಅಲ್ಪವಿರಾಮ ನಿಜವಾಗಿಯೂ ಬೇಕು, ಮತ್ತು ಎರಡೂ ವಾಕ್ಯಗಳು ಹೋಲಿಕೆಯವೇ ಆಗಿರುವಾಗ ಒಂದಕ್ಕೆ ಬೇಕು, ಇನ್ನೊಂದಕ್ಕೆ ಬೇಡ ಎನ್ನಬೇಕಾದರೆ ಕಾರಣವನ್ನು ಕೊಡಲೇಬೇಕಾಗುತ್ತದೆ. ಇದರ ಜೊತೆಗೆ ಆ ಹುಡುಗಿಯ ವಾಕ್ಯದಲ್ಲಿ ಅಲ್ಪವಿರಾಮಕ್ಕಿಂತ ದೊಡ್ಡ ತಪ್ಪೊಂದು ಉಳಿದಿದೆ. ಅದರ ಸುತ್ತ ಕೆಂಪು ಶಾಯಿ ಬಿದ್ದಂತೆ ಕಾಣುವುದಿಲ್ಲ. ಅದನ್ನು ಮುಂದೆ ವಿವರಿಸುತ್ತೇನೆ.

ಮೊದಲು ಉಸಿರಿನ ವಾದವನ್ನು ನೋಡೋಣ. ಉಸಿರು ನಿಲ್ಲುವ ಕಡೆ ಅಲ್ಪವಿರಾಮ ಎಂಬ ಪಾಠವನ್ನು ನಮ್ಮ ಭಾಗದ ಶಾಲೆಗಳಲ್ಲಿ ತಲೆಮಾರುಗಳಿಂದ ಹೇಳಿಕೊಡುತ್ತ ಬಂದಿದ್ದಾರೆ, ಮತ್ತು ಅದಕ್ಕೆ ಇತಿಹಾಸದ ಆಧಾರ ಇಲ್ಲದೆ ಇಲ್ಲ. ಕ್ರಿಸ್ತಪೂರ್ವ ಕಾಲದಲ್ಲಿ ಅಲೆಕ್ಸಾಂಡ್ರಿಯಾದ ಗ್ರಂಥಾಲಯದ ವಿದ್ವಾಂಸನಾಗಿದ್ದ ಬೈಜಾಂಟಿಯಮ್‌ನ ಅರಿಸ್ಟೋಫೇನಿಸ್ ಗ್ರೀಕ್ ಪಠ್ಯಗಳಿಗೆ ಚುಕ್ಕಿಗಳನ್ನು ಸೇರಿಸಿದ್ದು ಗಟ್ಟಿಯಾಗಿ ಓದುವವರಿಗೆ ಎಲ್ಲಿ, ಎಷ್ಟು ತಡೆಯಬೇಕು ಎಂದು ತಿಳಿಸುವುದಕ್ಕಾಗಿಯೇ. 15ನೇ ಶತಮಾನದ ಕೊನೆಯಲ್ಲಿ ವೆನಿಸ್ ನಗರದ ಮುದ್ರಕ ಆಲ್ಡಸ್ ಮ್ಯಾನುಷಿಯಸ್ ಈಗಿನ ಆಕಾರದ ಅಲ್ಪವಿರಾಮವನ್ನು ಬಳಕೆಗೆ ತಂದ ನಂತರವೂ ಬಹುಕಾಲ ಓದಿನ ಲಯವೇ ಅದರ ಜಾಗವನ್ನು ನಿರ್ಧರಿಸುತ್ತಿತ್ತು. 18ನೇ ಶತಮಾನದ ಇಂಗ್ಲಿಷ್ ಪುಸ್ತಕಗಳನ್ನು ತೆರೆದರೆ ‘ದ್ಯಾನ್’ ಮುಂದೆ ಅಲ್ಪವಿರಾಮ ಇರುವ ವಾಕ್ಯಗಳು ಧಾರಾಳವಾಗಿ ಸಿಗುತ್ತವೆ. ಮೌನವಾಗಿ ಓದುವುದು ರೂಢಿಯಾದಂತೆ ಇಂಗ್ಲಿಷ್ ಬರವಣಿಗೆ ಆ ಪದ್ಧತಿಯನ್ನು ಬಿಟ್ಟು, ವಾಕ್ಯದ ರಚನೆಯನ್ನು ತೋರಿಸುವ ಗುರುತಾಗಿ ಅಲ್ಪವಿರಾಮವನ್ನು ಬಳಸತೊಡಗಿತು. ಆದ್ದರಿಂದ ನಿಮ್ಮ ಸಹೋದ್ಯೋಗಿ ಹೇಳಿದ್ದು ಹಿಂದೊಮ್ಮೆ ಸತ್ಯವಾಗಿದ್ದ ಮಾತು. ಇಂದು ಆ ನಿಯಮ ನಡೆಯುವುದಿಲ್ಲ, ಏಕೆಂದರೆ ಉಸಿರು ಓದುವವರಿಂದ ಓದುವವರಿಗೆ ಬದಲಾಗುತ್ತದೆ, ವಾಕ್ಯದ ರಚನೆ ಬದಲಾಗುವುದಿಲ್ಲ.

ಉಪವಾಕ್ಯದ ಮುಂದೆ ಅಲ್ಪವಿರಾಮ ಬೇಕು ಎನ್ನುವುದು ಎರಡನೆಯ ವಾದ. ಇದರಲ್ಲಿ ಅರ್ಧ ಸತ್ಯವಿದೆ. ‘ವೆನ್ ದಿ ಕೆನಾಲ್ ವಾಟರ್ ಕೇಮ್, ವಿ ಸೋಡ್ ಪ್ಯಾಡಿ’ ಎಂಬಂತೆ ಅಧೀನ ಉಪವಾಕ್ಯ ಮೊದಲು ಬಂದರೆ ಅದರ ಕೊನೆಯಲ್ಲಿ ಅಲ್ಪವಿರಾಮ ಹಾಕುತ್ತೇವೆ. ಅದೇ ಉಪವಾಕ್ಯ ಕೊನೆಗೆ ಹೋಗಿ ‘ವಿ ಸೋಡ್ ಪ್ಯಾಡಿ ವೆನ್ ದಿ ಕೆನಾಲ್ ವಾಟರ್ ಕೇಮ್’ ಎಂದಾದರೆ ಸಾಮಾನ್ಯವಾಗಿ ಹಾಕುವುದಿಲ್ಲ. ಹೋಲಿಕೆಯ ಉಪವಾಕ್ಯವಾದರೋ ಇದಕ್ಕಿಂತಲೂ ಬಿಗಿಯಾಗಿ ತನ್ನ ಹಿಂದಿನ ಪದಕ್ಕೆ ಅಂಟಿಕೊಂಡಿರುತ್ತದೆ. ‘ಬೆಟರ್’, ‘ಮೋರ್’, ‘ಹಾಟರ್’ ಎಂಬ ಪದ ಬಂದ ಕೂಡಲೇ ಓದುವವರ ಮನಸ್ಸಿನಲ್ಲಿ ‘ಯಾವುದಕ್ಕಿಂತ?’ ಎಂಬ ಪ್ರಶ್ನೆ ಏಳುತ್ತದೆ, ಮತ್ತು ‘ದ್ಯಾನ್’ ಭಾಗ ಆ ಪ್ರಶ್ನೆಗೆ ಉತ್ತರವಾಗಿ ಬರುತ್ತದೆ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಗೋಡೆ ಹಾಕಬಾರದು. ವಾಕ್ಯ ಎಷ್ಟೇ ಉದ್ದವಾದರೂ ಇದು ಬದಲಾಗದು. ‘ಮೋರ್ ಫಾರ್ಮರ್ಸ್ ಇನ್ ಸಿಂಧನೂರ್ ತಾಲೂಕ್ ಗ್ರೋ ಪ್ಯಾಡಿ ಟುಡೇ ದ್ಯಾನ್ ಗ್ರೂ ಇಟ್ ಬಿಫೋರ್ ದಿ ತುಂಗಭದ್ರಾ ಡ್ಯಾಮ್ ವಾಸ್ ಬಿಲ್ಟ್’ ಎಂಬ ವಾಕ್ಯದಲ್ಲಿ ‘ಮೋರ್’ ಮೊದಲ ಪದವಾಗಿದ್ದು ‘ದ್ಯಾನ್’ ಎಷ್ಟೋ ಪದಗಳ ಆಚೆ ಇದೆ. ಅಷ್ಟು ದೂರದಲ್ಲಿರುವುದರಿಂದಲೇ ಅವೆರಡರ ನಡುವೆ ಅಲ್ಪವಿರಾಮ ಬೀಳದಂತೆ ಇನ್ನೂ ಹೆಚ್ಚು ಎಚ್ಚರ ವಹಿಸಬೇಕು.

ಹಾಗಾದರೆ ಮಕ್ಕಳ ಕೈ ಅಲ್ಲಿಯೇ ಏಕೆ ನಿಲ್ಲುತ್ತದೆ? ಬಳ್ಳಾರಿಯಲ್ಲಿ ಪದವಿ ತರಗತಿಗಳಿಗೂ ಶಿಕ್ಷಕ ತರಬೇತಿಯ ವಿದ್ಯಾರ್ಥಿಗಳಿಗೂ ವ್ಯಾಕರಣ ಕಲಿಸುತ್ತ ನಾನು ಕಂಡುಕೊಂಡ ಕಾರಣವೆಂದರೆ ಕನ್ನಡದ ವಾಕ್ಯಕ್ರಮ. ‘ಕಾರಟಗಿಗಿಂತ ಗಂಗಾವತಿ ದೊಡ್ಡದು’ ಎನ್ನುವಾಗ ಯಾವುದರೊಡನೆ ಹೋಲಿಸುತ್ತಿದ್ದೇವೆ ಎಂಬುದು ಮೊದಲೇ ಬಂದುಹೋಗುತ್ತದೆ, ‘ದೊಡ್ಡದು’ ಎಂದೊಡನೆ ವಾಕ್ಯ ಮುಗಿಯುತ್ತದೆ. ಇಂಗ್ಲಿಷಿನಲ್ಲಿ ‘ಗಂಗಾವತಿ ಈಸ್ ಬಿಗರ್’ ಎಂದು ಬರೆದ ಮಗುವಿಗೆ ಕನ್ನಡದ ಅಭ್ಯಾಸಬಲದಿಂದ ಅಲ್ಲಿಯೇ ವಾಕ್ಯ ಮುಗಿದಂತೆ ಕೇಳಿಸುತ್ತದೆ, ಉಳಿದದ್ದನ್ನು ಆಮೇಲೆ ಸೇರಿಸಿದ ತುಂಡೆಂದು ಭಾವಿಸಿ ನಡುವೆ ಒಂದು ಗೆರೆ ಎಳೆಯುತ್ತದೆ. ಇದು ಅಜಾಗರೂಕತೆಯ ತಪ್ಪಲ್ಲ, ಒಂದು ಭಾಷೆಯ ಕಿವಿಯಿಂದ ಇನ್ನೊಂದನ್ನು ಬರೆದಾಗ ಆಗುವ ತಪ್ಪು. ಹೋಲಿಕೆಯ ಮುಂದೆ ಅಲ್ಪವಿರಾಮ ಹಾಕುವುದು ಬೇರೆ ಭಾಷೆಗಳಲ್ಲಿ ನಿಯಮವೇ ಆಗಿದೆ ಎಂಬುದನ್ನೂ ನಿಮ್ಮ ಗಮನಕ್ಕೆ ತರಬಯಸುತ್ತೇನೆ. ಜರ್ಮನ್ ಭಾಷೆಯಲ್ಲಿ ‘ದ್ಯಾನ್’ಗೆ ಸಮನಾದ ‘ಆಲ್ಸ್’ ನಂತರ ಕ್ರಿಯಾಪದವಿರುವ ಪೂರ್ಣ ಉಪವಾಕ್ಯ ಬಂದರೆ ‘ಆಲ್ಸ್’ ಮುಂದೆ ಅಲ್ಪವಿರಾಮ ಕಡ್ಡಾಯ, ರಷ್ಯನ್ ಭಾಷೆಯ ಹೋಲಿಕೆಗಳಲ್ಲಿಯೂ ಅದೇ ಅರ್ಥದ ‘ಚೆಮ್’ ಮುಂದೆ ಅದನ್ನು ಹಾಕುತ್ತಾರೆ. ಹಾಕದಿರುವುದು ಇಂದಿನ ಇಂಗ್ಲಿಷಿನ ರೂಢಿ, ಅದನ್ನು ರೂಢಿಯೆಂದೇ ಕಲಿಸಿದರೆ ಮಕ್ಕಳು ಬೇಗ ಒಪ್ಪಿಕೊಳ್ಳುತ್ತಾರೆ.

ಈ ರೂಢಿಯನ್ನು ಮುರಿದರೆ ಅರ್ಥವೇ ಕೆಡುವ ಸಂದರ್ಭವೂ ಇದೆ. ಅದು ‘ಆ್ಯಸ್’ ಪದದ್ದು. ಈ ಪದ ಹೋಲಿಕೆಗೂ ಬರುತ್ತದೆ, ಕಾರಣ ಹೇಳುವುದಕ್ಕೂ ಬರುತ್ತದೆ. ‘ಶಿ ಡಿಡ್ ನಾಟ್ ವರ್ಕ್ ಆ್ಯಸ್ ಲಾಂಗ್ ಆ್ಯಸ್ ಹರ್ ಮದರ್ ವಾಸ್ ವೇಟಿಂಗ್’ ಎಂದು ಬರೆದರೆ ತಾಯಿ ಕಾಯುತ್ತಿದ್ದಷ್ಟು ಹೊತ್ತೂ ಅವಳು ಕೆಲಸ ಮಾಡಲಿಲ್ಲ ಎಂದಾಗುತ್ತದೆ. ‘ಶಿ ಡಿಡ್ ನಾಟ್ ವರ್ಕ್ ಆ್ಯಸ್ ಲಾಂಗ್, ಆ್ಯಸ್ ಹರ್ ಮದರ್ ವಾಸ್ ವೇಟಿಂಗ್’ ಎಂದು ನಡುವೆ ಅಲ್ಪವಿರಾಮ ಹಾಕಿದರೆ, ತಾಯಿ ಕಾಯುತ್ತಿದ್ದುದರಿಂದ ಅವಳು ಎಂದಿನಷ್ಟು ಹೊತ್ತು ಕೆಲಸ ಮಾಡಲಿಲ್ಲ, ಬೇಗ ಮುಗಿಸಿದಳು ಎಂದಾಗುತ್ತದೆ. ಎರಡರಲ್ಲಿಯೂ ಒಂದೇ ಪದಗಳು, ಒಂದೇ ಕ್ರಮ. ಮೊದಲನೆಯದರಲ್ಲಿ ತಾಯಿ ಕಾದದ್ದು ಹೊತ್ತಿನ ಅಳತೆ, ಎರಡನೆಯದರಲ್ಲಿ ಬೇಗ ಮುಗಿಸಿದ್ದಕ್ಕೆ ಕಾರಣ. ಈ ಜೋಡಿಯನ್ನು ಕರಿಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ಮಕ್ಕಳಿಂದಲೇ ಅರ್ಥ ಹೇಳಿಸಿ. ಅಲ್ಪವಿರಾಮ ಅಲಂಕಾರಕ್ಕೆ ಹಾಕುವ ಗುರುತಲ್ಲ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಸಿಕ್ಕಿಲ್ಲ.

ಈಗ ನಿಮ್ಮ ಸಹೋದ್ಯೋಗಿಯ ಎರಡನೆಯ ವಾಕ್ಯಕ್ಕೆ ಬರೋಣ. ‘ದಿ ಮೋರ್ ಯು ರೀಡ್, ದಿ ಮೋರ್ ಯು ಲರ್ನ್’ ಎಂಬುದು ಕನ್ನಡದ ‘ಎಷ್ಟು ಓದುತ್ತೀಯೋ ಅಷ್ಟು ಕಲಿಯುತ್ತೀಯೆ’ ಎಂಬ ರಚನೆಗೆ ಹತ್ತಿರವಾದದ್ದು. ಇಲ್ಲಿ ‘ದ್ಯಾನ್’ ಇಲ್ಲ, ಒಂದು ವಸ್ತುವನ್ನು ಇನ್ನೊಂದರ ಪಕ್ಕದಲ್ಲಿಟ್ಟು ಅಳೆಯುವುದೂ ಇಲ್ಲ. ಒಂದು ಹೆಚ್ಚಾದಂತೆ ಇನ್ನೊಂದು ಹೆಚ್ಚಾಗುತ್ತದೆ ಅಥವಾ ಕಡಿಮೆಯಾಗುತ್ತದೆ ಎಂದಷ್ಟೇ ಹೇಳುತ್ತಿದ್ದೇವೆ. ಈ ‘ದಿ’ ಕೂಡ ನಾವು ಆರ್ಟಿಕಲ್ ಎಂದು ಕಲಿಸುವ ಪದವಾಗಿ ಇಲ್ಲಿ ಕೆಲಸ ಮಾಡುತ್ತಿಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಅಷ್ಟರಿಂದ’ ಎಂಬ ಅರ್ಥ ಕೊಡುತ್ತಿದ್ದ ತೃತೀಯಾ ವಿಭಕ್ತಿಯ ರೂಪವೊಂದು ಸವೆದು ಹೀಗೆ ಉಳಿದಿದೆ. ಮೊದಲ ಭಾಗ ಅಧೀನ ಉಪವಾಕ್ಯ, ಎರಡನೆಯದು ಪ್ರಧಾನ ವಾಕ್ಯ. ಅಧೀನವಾದದ್ದು ಮುಂದೆ ಬಂದಿರುವುದರಿಂದ ಅದರ ಕೊನೆಗೆ ಅಲ್ಪವಿರಾಮ ಬೀಳುತ್ತದೆ. ಕ್ರಮವನ್ನು ತಿರುಗಿಸಿ ‘ಯು ಲರ್ನ್ ಮೋರ್ ದಿ ಮೋರ್ ಯು ರೀಡ್’ ಎಂದು ಬರೆದು ನೋಡಿ, ಅಲ್ಪವಿರಾಮ ತಾನಾಗಿಯೇ ಹೋಗುತ್ತದೆ. ‘ದಿ ಸೂನರ್ ದಿ ಬೆಟರ್’ ಎಂಬಂತಹ ಕ್ರಿಯಾಪದವಿಲ್ಲದ ಪುಟ್ಟ ಮಾತಿನಲ್ಲಿ ಬಿಡಬಹುದು, ಹಾಕಿದರೂ ತಪ್ಪಲ್ಲ. ಉದ್ದದ ವಾಕ್ಯದಲ್ಲಿ ಮಾತ್ರ ಬಿಡಬೇಡಿ. ಗಂಗಾವತಿ, ಸಿಂಧನೂರು ಕಡೆಯ ಗದ್ದೆಗಳಲ್ಲಿ ನೀರು ಅತಿಯಾದರೆ ಸವಳು ಮೇಲೆ ಬರುವುದನ್ನು ನಿಮ್ಮ ಮಕ್ಕಳು ಕಣ್ಣಾರೆ ಕಂಡಿರುತ್ತಾರೆ. ‘ದಿ ಮೋರ್ ವಾಟರ್ ಯು ಗಿವ್ ದಿ ಫೀಲ್ಡ್, ದಿ ಮೋರ್ ಸಾಲ್ಟ್ ಕಮ್ಸ್ ಅಪ್’ ಎಂಬ ವಾಕ್ಯ ಕೊಡಿ. ಅಲ್ಪವಿರಾಮ ತೆಗೆದರೆ ಓದುವ ಕಣ್ಣು ‘ಫೀಲ್ಡ್’ ಎಂಬಲ್ಲಿ ನಿಲ್ಲದೆ ಮುಂದಿನ ‘ದಿ ಮೋರ್’ ಅನ್ನೂ ಅದೇ ಭಾಗಕ್ಕೆ ಸೇರಿಸಿಕೊಂಡು ತಡವರಿಸುವುದು ಅವರಿಗೇ ತಿಳಿಯುತ್ತದೆ.

‘ದ್ಯಾನ್’ ಸುತ್ತಮುತ್ತ ಅಲ್ಪವಿರಾಮ ಕಾಣಿಸಿಕೊಳ್ಳುವ ಬೇರೆ ಸಂದರ್ಭಗಳೂ ಇವೆ, ಗೊಂದಲ ಹೆಚ್ಚುವುದು ಅಲ್ಲಿಯೇ. ‘ರಾಯಚೂರ್ ಈಸ್ ಹಾಟರ್, ಐ ಥಿಂಕ್, ದ್ಯಾನ್ ಬಳ್ಳಾರಿ’ ಎಂಬಲ್ಲಿ ‘ದ್ಯಾನ್’ ಪಕ್ಕದಲ್ಲಿಯೇ ಅಲ್ಪವಿರಾಮ ಇದೆ. ಆದರೆ ಅದು ಹೋಲಿಕೆಗೆ ಸೇರಿದ್ದಲ್ಲ, ನಡುವೆ ತೂರಿ ಬಂದ ‘ಐ ಥಿಂಕ್’ ಎಂಬ ಮಾತಿನ ಎರಡು ಕಡೆಯ ಬೇಲಿಯಲ್ಲಿ ಒಂದು. ‘ಶಿ ಸಿಂಗ್ಸ್ ವೆಲ್, ಬೆಟರ್ ದ್ಯಾನ್ ಹರ್ ಸಿಸ್ಟರ್’ ಎಂಬಲ್ಲಿ ‘ಚೆನ್ನಾಗಿ ಹಾಡುತ್ತಾಳೆ’ ಎಂದು ಮಾತು ಮುಗಿಸಿ, ಅಕ್ಕನಿಗಿಂತಲೂ ಎಂದು ಮತ್ತೊಂದು ಮಾತು ಸೇರಿಸಿದ್ದೇವೆ. ಅಲ್ಪವಿರಾಮ ‘ಬೆಟರ್’ ಮುಂದೆ ಬಂದಿದೆಯೇ ಹೊರತು ‘ದ್ಯಾನ್’ ಮುಂದೆ ಬಂದಿಲ್ಲ. ‘ಕಂಪೇರ್ಡ್ ವಿತ್ ರಾಯಚೂರ್, ಕೊಪ್ಪಳ್ ಈಸ್ ಎ ಯಂಗ್ ಡಿಸ್ಟ್ರಿಕ್ಟ್’ ಎಂಬಂತೆ ಹೋಲಿಕೆಯ ಪದಗುಚ್ಛ ವಾಕ್ಯದ ಮೊದಲಿಗೆ ಬಂದಾಗಲೂ ಹಾಕಬೇಕು. 1997ರವರೆಗೆ ಕೊಪ್ಪಳ ರಾಯಚೂರು ಜಿಲ್ಲೆಯ ಭಾಗವೇ ಆಗಿದ್ದುದರಿಂದ ಈ ಉದಾಹರಣೆಯನ್ನು ನಿಮ್ಮ ಮಕ್ಕಳು ಸುಲಭವಾಗಿ ನೆನಪಿಟ್ಟುಕೊಳ್ಳಬಲ್ಲರು.

ಇವೆಲ್ಲಕ್ಕಿಂತ ಕಷ್ಟದ್ದು ಎರಡು ಹೋಲಿಕೆಗಳನ್ನು ಒಟ್ಟಿಗೆ ಹೆಣೆದ ವಾಕ್ಯ. ‘ಗಂಗಾವತಿ ರೈಸ್ ಈಸ್ ಆ್ಯಸ್ ಗುಡ್ ಆ್ಯಸ್, ಇಫ್ ನಾಟ್ ಬೆಟರ್ ದ್ಯಾನ್, ಎನಿ ಅದರ್ ರೈಸ್ ಇನ್ ದಿ ಮಾರ್ಕೆಟ್’ ಎಂಬುದು ನಿಯಮದ ಪ್ರಕಾರ ಸರಿಯಾಗಿದೆ. ಆದರೆ ಕಾಲೇಜಿನ ವಿದ್ಯಾರ್ಥಿಗಳೂ ಇಲ್ಲಿ ಎರಡನೆಯ ‘ಆ್ಯಸ್’ ಅನ್ನು ನುಂಗಿಬಿಡುತ್ತಾರೆ, ಇಲ್ಲವೇ ‘ದ್ಯಾನ್’ ನಂತರದ ಅಲ್ಪವಿರಾಮವನ್ನು ಮರೆಯುತ್ತಾರೆ. ನಾನು ನನ್ನ ವಿದ್ಯಾರ್ಥಿಗಳಿಗೆ ಇದನ್ನು ಬರೆಯಲು ಹೇಳುತ್ತಿರಲಿಲ್ಲ. ‘ಆ್ಯಸ್ ಗುಡ್ ಆ್ಯಸ್ ಎನಿ ಅದರ್ ರೈಸ್ ಇನ್ ದಿ ಮಾರ್ಕೆಟ್, ಇಫ್ ನಾಟ್ ಬೆಟರ್’ ಎಂದು ಬಿಡಿಸಿ ಬರೆದರೆ ಒಂದೇ ಅಲ್ಪವಿರಾಮ ಸಾಕು, ತಪ್ಪುವ ಸಂಭವವೂ ಕಡಿಮೆ.

ಇನ್ನು ಆ ವಿದ್ಯಾರ್ಥಿನಿಯ ವಾಕ್ಯದಲ್ಲಿ ಉಳಿದುಹೋದ ತಪ್ಪು. ಅಲ್ಪವಿರಾಮ ತೆಗೆದ ಮೇಲೆ ಅದು ‘ನಮ್ಮ ಊರಿನ ಭತ್ತ ಪಕ್ಕದ ಊರಿಗಿಂತ ಒಳ್ಳೆಯದು’ ಎನ್ನುತ್ತದೆ. ಅಂದರೆ ಭತ್ತವನ್ನು ಊರಿನೊಡನೆ ಹೋಲಿಸಿದಂತಾಯಿತು. ‘ನಮ್ಮೂರ ಭತ್ತ ಪಕ್ಕದೂರಿಗಿಂತ ಚಲೋ’ ಎಂದು ನಾವು ಮಾತಿನಲ್ಲಿ ಹೇಳುತ್ತೇವೆ, ಕೇಳುವವರು ಅರ್ಥ ಮಾಡಿಕೊಳ್ಳುತ್ತಾರೆ. ಇಂಗ್ಲಿಷ್ ಬರವಣಿಗೆ ಇದನ್ನು ಕ್ಷಮಿಸುವುದಿಲ್ಲ. ‘ದಿ ಪ್ಯಾಡಿ ಆಫ್ ಅವರ್ ವಿಲೇಜ್ ಈಸ್ ಬೆಟರ್ ದ್ಯಾನ್ ದ್ಯಾಟ್ ಆಫ್ ದಿ ನೆಕ್ಸ್ಟ್ ವಿಲೇಜ್’ ಎಂದು ‘ದ್ಯಾಟ್ ಆಫ್’ ಸೇರಿಸಿದಾಗಲೇ ಭತ್ತಕ್ಕೆ ಭತ್ತ ಎದುರಾಗುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ವಾಕ್ಯದ ದೋಷ ಗುರುತಿಸುವ ಪ್ರಶ್ನೆಗಳಿಗೆ ಈ ದೋಷ ಬಹಳ ಒಗ್ಗುತ್ತದೆ. ಇದರ ಜೊತೆಗೇ ಕಲಿಸಬೇಕಾದದ್ದು ‘ಎನಿ ಅದರ್’. ‘ರಾಯಚೂರ್ ಈಸ್ ಹಾಟರ್ ದ್ಯಾನ್ ಎನಿ ಡಿಸ್ಟ್ರಿಕ್ಟ್ ಇನ್ ಕರ್ನಾಟಕ’ ಎಂದು ಬರೆದರೆ, ರಾಯಚೂರೂ ಕರ್ನಾಟಕದ ಜಿಲ್ಲೆಯೇ ಆದ್ದರಿಂದ, ಅದು ತನಗಿಂತ ತಾನೇ ಬಿಸಿ ಎಂದಂತಾಗುತ್ತದೆ. ‘ಅದರ್’ ಸೇರಿಸಿದರೆ ತರ್ಕ ಸರಿಹೋಗುತ್ತದೆ. ‘ಸೀನಿಯರ್’, ‘ಜೂನಿಯರ್’, ‘ಸುಪೀರಿಯರ್’ ಎಂಬ ಲ್ಯಾಟಿನ್ ಮೂಲದ ಪದಗಳ ನಂತರ ‘ದ್ಯಾನ್’ ಬರುವುದೇ ಇಲ್ಲ, ‘ಟು’ ಬರುತ್ತದೆ ಎಂಬುದನ್ನು ಡಿಗ್ರೀಸ್ ಆಫ್ ಕಂಪ್ಯಾರಿಸನ್ ಪಾಠದಲ್ಲಿ ನೀವು ಹೇಗೂ ಹೇಳಿರುತ್ತೀರಿ.

ತರಗತಿಯಲ್ಲಿ ಏನು ಹೇಳಬೇಕು ಎಂಬುದಕ್ಕೆ ದಾರಿಗಳು ಹಲವು, ಪ್ರತಿಯೊಂದಕ್ಕೂ ಅದರದೇ ಅಪಾಯವಿದೆ. ‘ದ್ಯಾನ್ ಮುಂದೆ ಎಂದೂ ಅಲ್ಪವಿರಾಮ ಬೇಡ’ ಎಂದು ಒಂದೇ ಮಾತಿನಲ್ಲಿ ಹೇಳಿದರೆ ಹತ್ತನೇ ತರಗತಿಯ ಮಕ್ಕಳ ಬರವಣಿಗೆಯ ಮಟ್ಟಿಗೆ ಬಹುಪಾಲು ತಪ್ಪುಗಳು ನಿಲ್ಲುತ್ತವೆ. ಆದರೆ ‘ಐ ಥಿಂಕ್’ ತರಹದ ವಾಕ್ಯ ಪಠ್ಯದಲ್ಲಿ ಎದುರಾದ ದಿನ ಜಾಣ ವಿದ್ಯಾರ್ಥಿಯೊಬ್ಬ ಎದ್ದು ನಿಂತು ಕೇಳಿದರೆ ಉತ್ತರ ಸಿದ್ಧವಿರಬೇಕು. ಬದಲಿಗೆ ಒಂದು ಪರೀಕ್ಷೆಯನ್ನು ಹೇಳಿಕೊಡಬಹುದು: ‘ದ್ಯಾನ್’ನಿಂದ ಮುಂದಿನದನ್ನು ಕೈಯಿಂದ ಮುಚ್ಚಿ ಓದಲು ಹೇಳಿ, ಉಳಿದ ಭಾಗ ‘ಯಾವುದಕ್ಕಿಂತ?’ ಎಂದು ಕೇಳುವಂತಿದ್ದರೆ ಅಲ್ಪವಿರಾಮ ಬೇಡ. ಇದು ಯೋಚಿಸುವುದನ್ನು ಕಲಿಸುತ್ತದೆ, ಆದರೆ ಸಮಯ ತೆಗೆದುಕೊಳ್ಳುತ್ತದೆ, ಮತ್ತು ಹಿಂದಿನ ವಾಕ್ಯದಲ್ಲಿಯೇ ಹೋಲಿಕೆಯ ವಸ್ತು ಬಂದಿದ್ದರೆ ‘ಗಂಗಾವತಿ ಈಸ್ ಬಿಗರ್’ ಎಂಬುದೂ ಪೂರ್ಣವಾಗಿ ಕೇಳಿಸಿ ದಾರಿ ತಪ್ಪಿಸಬಹುದು. ಎಂಟು, ಒಂಬತ್ತನೇ ತರಗತಿಯಲ್ಲಿ ಮೊದಲನೆಯ ದಾರಿ, ಹತ್ತನೆಯದರಲ್ಲಿ ಎರಡನೆಯದು ಎಂಬುದು ನನ್ನ ಸಲಹೆ. ಉಸಿರಿನ ನಿಯಮವನ್ನು ಮಾತ್ರ ಯಾವ ತರಗತಿಯಲ್ಲಿಯೂ ಹೇಳಬೇಡಿ. ಅದನ್ನು ಕಲಿತ ಮಕ್ಕಳು ಕರ್ತೃ ಸ್ವಲ್ಪ ಉದ್ದವಾದೊಡನೆ ಅದಕ್ಕೂ ಕ್ರಿಯಾಪದಕ್ಕೂ ನಡುವೆ ಅಲ್ಪವಿರಾಮ ಹಾಕತೊಡಗುತ್ತಾರೆ, ಮತ್ತು ಪದವಿಗೆ ಬಂದ ಮೇಲೂ ಅದು ಬಿಡುವುದಿಲ್ಲ.

ಅಂಕದ ವಿಷಯದಲ್ಲಿ ನನ್ನ ಅಭಿಪ್ರಾಯ ನಿಮ್ಮದಕ್ಕಿಂತ ಬೇರೆ. ವಿರಾಮಚಿಹ್ನೆಯ ಪ್ರಶ್ನೆಯಲ್ಲಿ ಆಗಿದ್ದರೆ ಅಂಕ ಕಳೆಯುವುದು ಸರಿ. ತನ್ನ ಊರಿನ ಬಗ್ಗೆ ಸ್ವಂತ ವಾಕ್ಯ ಕಟ್ಟಿ ಬರೆದ ಪ್ರಬಂಧದಲ್ಲಿ ಅರ್ಥಕ್ಕೆ ತೊಡಕಾಗದ ಒಂದು ಅಲ್ಪವಿರಾಮಕ್ಕೆ ಅಂಕ ಕಳೆದರೆ, ಮುಂದಿನ ಸಲ ಆ ಮಗು ಹೋಲಿಕೆಯ ವಾಕ್ಯವನ್ನೇ ಬರೆಯಲು ಹೆದರುತ್ತದೆ. ಕನ್ನಡ ಮಾಧ್ಯಮದಿಂದ ಬಂದವರಲ್ಲಿ ಈ ಹೆದರಿಕೆಯನ್ನು ನಾನು ಬಹಳ ಕಂಡಿದ್ದೇನೆ: ಪುಟ್ಟ, ಸುರಕ್ಷಿತ ವಾಕ್ಯಗಳಾಚೆ ಅವರ ಪೆನ್ನು ಹೋಗುವುದಿಲ್ಲ. ಗುರುತು ಹಾಕಿ, ಪಕ್ಕದಲ್ಲಿ ಸರಿಯಾದ ರೂಪ ಬರೆಯಿರಿ, ಆ ಅರ್ಧ ಅಂಕವನ್ನು ಅವಳಿಗೆ ಮರಳಿ ಕೊಡಿ.

ಕೊನೆಗೆ ‘ದ್ಯಾನ್ ಐ’ ಮತ್ತು ‘ದ್ಯಾನ್ ಮಿ’. ಇದು ಇಂಗ್ಲಿಷರೇ ಶತಮಾನಗಳಿಂದ ವಾದಿಸುತ್ತ ಬಂದ ವಿಷಯ. ‘ದ್ಯಾನ್’ ಸಂಯೋಜಕಾವ್ಯಯ, ಅದರ ನಂತರ ಕ್ರಿಯಾಪದವೊಂದು ಅಡಗಿದೆ, ಆದ್ದರಿಂದ ‘ಟಾಲರ್ ದ್ಯಾನ್ ಐ’ ಎಂದೇ ಬರೆಯಬೇಕು ಎಂಬ ನಿಲುವನ್ನು 1762ರಲ್ಲಿ ಪ್ರಕಟವಾದ ತನ್ನ ವ್ಯಾಕರಣದಲ್ಲಿ ರಾಬರ್ಟ್ ಲೌತ್ ಪ್ರತಿಪಾದಿಸಿದ, ಮತ್ತು ಶಾಲಾ ವ್ಯಾಕರಣಗಳು ಅದನ್ನೇ ಹಿಡಿದು ನಡೆದವು. ಇಂಗ್ಲಿಷ್ ಮಾತೃಭಾಷೆಯವರು ದಿನನಿತ್ಯ ಆಡುವುದು ಹೆಚ್ಚಾಗಿ ‘ದ್ಯಾನ್ ಮಿ’, ಮತ್ತು ಇಂದಿನ ವ್ಯಾಕರಣಕಾರರು ಅದನ್ನು ತಪ್ಪೆನ್ನುವುದಿಲ್ಲ. ‘ಶಿ ಲೈಕ್ಸ್ ಗೀತಾ ಮೋರ್ ದ್ಯಾನ್ ಮಿ’ ಎಂಬಂತಹ ವಾಕ್ಯದಲ್ಲಿ ಮಾತ್ರ ಎಚ್ಚರ ಬೇಕು. ಅವಳಿಗೆ ನನಗಿಂತ ಗೀತಾ ಹೆಚ್ಚು ಇಷ್ಟ ಎಂದೂ ಆಗಬಹುದು, ನಾನು ಗೀತಾಳನ್ನು ಇಷ್ಟಪಡುವುದಕ್ಕಿಂತ ಅವಳು ಹೆಚ್ಚು ಇಷ್ಟಪಡುತ್ತಾಳೆ ಎಂದೂ ಆಗಬಹುದು. ನಿಮ್ಮ ವಿದ್ಯಾರ್ಥಿಗಳು ಕ್ರಿಯಾಪದವನ್ನು ಬಿಡದೆ ‘ಟಾಲರ್ ದ್ಯಾನ್ ಐ ಆ್ಯಮ್’, ‘ಮೋರ್ ದ್ಯಾನ್ ಐ ಡು’ ಎಂದು ಬರೆಯಲಿ. ಉತ್ತರಪತ್ರಿಕೆ ತಿದ್ದುವವರು ಹಳೆಯ ವ್ಯಾಕರಣದವರಿರಲಿ, ಹೊಸದರವರಿರಲಿ, ಆ ರೂಪಕ್ಕೆ ಕೆಂಪು ಗೆರೆ ಎಳೆಯಲು ಯಾರಿಗೂ ಕಾರಣ ಸಿಗುವುದಿಲ್ಲ.